ಗ್ರಹವೊಂದು, ಒಡೆಯರಿಬ್ಬರು: 1953ರ ಎರಡು ಅಣಕಗಳು

ಹಂಗಿಸುವುದಕ್ಕೂ ಅಣಕಿಸುವುದಕ್ಕೂ ಬಹಳ ಅಂತರವಿದೆ. ಹಂಗಿಸುವವನಿಗೆ ಎದುರಿನವನ ಪರಿಚಯ ಬೇಕಿಲ್ಲ, ನಾಲಗೆಯೊಂದಿದ್ದರೆ ಸಾಕು. ಅಣಕಿಸುವವನಿಗಾದರೋ ಅವನ ನಡಿಗೆ, ನುಡಿ, ಮಾತಿನ ನಡುವೆ ಗಂಟಲು ಸರಿಪಡಿಸಿಕೊಳ್ಳುವ ರೀತಿ ಎಲ್ಲವೂ ಕರಗತವಾಗಿರಬೇಕು. ನಾ. ಕಸ್ತೂರಿಯವರ ‘ಅನರ್ಥಕೋಶ’ ನಗಿಸುವುದು ಅದು ನಿಘಂಟಿನ ಗಾಂಭೀರ್ಯವನ್ನು ಎಲ್ಲಿಯೂ ಬಿಟ್ಟುಕೊಡದಿರುವುದರಿಂದ. ಯಕ್ಷಗಾನದ ಹಾಸ್ಯಗಾರನು ರಾಜನ ಗತ್ತನ್ನು ಅಣಕಿಸುವಾಗಲೂ ಭಾಗವತರ ಅದೇ ತಾಳಕ್ಕೆ ಹೆಜ್ಜೆ ಹಾಕಬೇಕು; ತಾಳ ತಪ್ಪಿದರೆ ಹಾಸ್ಯವೂ ಕೆಡುತ್ತದೆ. ಹೀಗಾಗಿ ಅಣಕವನ್ನು ಅಭಿಮಾನಿಯ ಕಲೆ ಎಂದು ಕರೆದರೆ ತಪ್ಪಾಗದು.

ಕಾಮಿಕ್ಸ್, ಕಾರ್ಟೂನ್ ಚಿತ್ರ, ವಿಜ್ಞಾನ ಕಥೆ ಈ ಮೂರನ್ನೂ ಪ್ರೀತಿಸುವ ನಮ್ಮಂಥವರಿಗೆ 1953 ವಿಶೇಷವಾದ ವರ್ಷ. ಆ ವರ್ಷ ಅಮೆರಿಕದಲ್ಲಿ ಎರಡು ಅಣಕಗಳು ಹುಟ್ಟಿದವು. ಒಂದು ಅಗ್ಗದ ಕಾಗದದ ಮೇಲೆ ಅಚ್ಚಾದ ಎಂಟು ಪುಟಗಳ ಕಾಮಿಕ್ಸ್. ಇನ್ನೊಂದು ಏಳು ನಿಮಿಷಗಳ ಕಾರ್ಟೂನ್ ಚಿತ್ರ. ಒಂದು ನ್ಯೂಯಾರ್ಕಿನಲ್ಲಿ ತಯಾರಾಯಿತು, ಇನ್ನೊಂದು ಕ್ಯಾಲಿಫೋರ್ನಿಯಾದಲ್ಲಿ. ಹೊರನೋಟಕ್ಕೆ ಇವೆರಡಕ್ಕೂ ಸಂಬಂಧ ಕಾಣದು. ಆದರೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಎರಡೂ ನಗುತ್ತಿರುವುದು ಒಂದೇ ಶಬ್ದವನ್ನು ಕುರಿತು ಎಂದು ನಮಗೆ ತೋರುತ್ತದೆ. ಆ ಶಬ್ದ ‘ನನ್ನದು’.

ಮೊದಲು ಕಾರ್ಟೂನ್ ಚಿತ್ರದ ಮೂಲವನ್ನು ನೋಡೋಣ. 1928ರ ಆಗಸ್ಟ್ ತಿಂಗಳಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯಲ್ಲಿ ಫಿಲಿಪ್ ಫ್ರಾನ್ಸಿಸ್ ನೌಲನ್ ಎಂಬ ಲೇಖಕರ ನೀಳ್ಗತೆಯೊಂದು ಪ್ರಕಟವಾಯಿತು. ಅದರ ನಾಯಕ ಗಣಿಯೊಂದರಲ್ಲಿ ವಿಕಿರಣಭರಿತ ಅನಿಲಕ್ಕೆ ಸಿಕ್ಕಿ ನಿದ್ದೆಹೋಗುತ್ತಾನೆ. 492 ವರ್ಷಗಳ ನಂತರ, 2419ರಲ್ಲಿ ಎಚ್ಚರಗೊಳ್ಳುತ್ತಾನೆ. 1929ರ ಜನವರಿ 7ರಂದು ಇದೇ ಕಥೆ ಡಿಕ್ ಕಾಕಿನ್ಸ್ ಅವರ ಚಿತ್ರಗಳೊಡನೆ ದಿನಪತ್ರಿಕೆಗಳ ಚಿತ್ರಪಟ್ಟಿಯಾಗಿ ಆರಂಭವಾಯಿತು. ನಾಯಕನಿಗೆ ಬಕ್ ರಾಜರ್ಸ್ ಎಂಬ ಹೆಸರು ಬಂದದ್ದು ಆಗಲೇ. ರಾಕೆಟ್, ಕಿರಣದ ಪಿಸ್ತೂಲು, ಆಕಾಶಕ್ಕೆ ನೆಗೆಸುವ ಬೆಲ್ಟು, ಇವೆಲ್ಲ ಅಮೆರಿಕದ ಮನೆಮನೆಯ ಮಾತಾದವು. 1932ರಲ್ಲಿ ರೇಡಿಯೊ, 1939ರಲ್ಲಿ ಚಲನಚಿತ್ರ ಧಾರಾವಾಹಿ. ವಿಜ್ಞಾನ ಕಥೆ ಎಂದರೇನೆಂದು ತಿಳಿಯದವರು ಕೂಡ ಅದನ್ನು ‘ಬಕ್ ರಾಜರ್ಸ್ ಬಗೆಯದು’ ಎಂದು ಗುರುತಿಸುವಷ್ಟು ಆ ಹೆಸರು ಬೆಳೆಯಿತು.

ಈ ಕಥೆಯಲ್ಲಿ ಇಂದು ಓದುವವರಿಗೆ ಮುಜುಗರ ತರುವ ಸಂಗತಿಯೊಂದಿದೆ. ನಾಯಕನು ಕಣ್ಣು ತೆರೆದಾಗ ಅಮೆರಿಕವನ್ನು ಆಳುತ್ತಿರುವವರು ಏಷ್ಯಾದಿಂದ ಬಂದ ದಂಡಾಳುಗಳು. ಹಳದಿ ಬಣ್ಣದ ಜನ ಒಂದು ದಿನ ತಮ್ಮ ನೆಲವನ್ನು ಕಿತ್ತುಕೊಳ್ಳುವರೆಂಬ ಆ ಕಾಲದ ಭಯವನ್ನು ನೌಲನ್ ಐದು ಶತಮಾನ ಮುಂದಕ್ಕೆ ಸಾಗಿಸಿದರು. ನೆಲ ಯಾರದು ಎಂಬ ಪ್ರಶ್ನೆ ಬಕ್ ರಾಜರ್ಸ್ ಕಥೆಯ ಬುಡದಲ್ಲಿದೆ, ಅದಕ್ಕೆ ಉತ್ತರವೂ ಮೊದಲೇ ನಿಶ್ಚಯವಾಗಿದೆ. ನಾಯಕನದು, ನಾಯಕನ ಜನರದು.

1953ರ ಜುಲೈ 25ರಂದು ವಾರ್ನರ್ ಬ್ರದರ್ಸ್ ಸಂಸ್ಥೆ ಬಿಡುಗಡೆ ಮಾಡಿದ ‘ಡಕ್ ಡಾಜರ್ಸ್’ ಕಾರ್ಟೂನ್ ಚಿತ್ರ ಈ ನಿಶ್ಚಯದ ಕಾಲೆಳೆಯಿತು. ನಿರ್ದೇಶನ ಚಕ್ ಜೋನ್ಸ್, ಕಥೆ ಮೈಕಲ್ ಮಾಲ್ಟೀಸ್, ದೃಶ್ಯವಿನ್ಯಾಸ ಮಾರಿಸ್ ನೋಬಲ್. ಬಕ್ ರಾಜರ್ಸ್ ಬಾಳಿದ್ದು ಇಪ್ಪತ್ತೈದನೇ ಶತಮಾನದಲ್ಲಿ. ಡಕ್ ಡಾಜರ್ಸ್‌ನದು ಇಪ್ಪತ್ತನಾಲ್ಕೂವರೆಯನೇ ಶತಮಾನ. ಆ ‘ಅರೆ’ಯಲ್ಲೇ ಅಣಕದ ಅರ್ಧ ಕೆಲಸ ಮುಗಿಯುತ್ತದೆ. ಭವಿಷ್ಯದ ವೀರ ಇಲ್ಲಿ ಡ್ಯಾಫಿ ಡಕ್ ಎಂಬ ಕಪ್ಪು ಬಾತುಕೋಳಿ. ಅವನಿಗೆ ಒಬ್ಬ ಉತ್ಸಾಹಿ ಕೆಡೆಟ್, ಅಂದರೆ ತೊದಲುವ ಹಂದಿ ಪೋರ್ಕಿ ಪಿಗ್. ಇಬ್ಬರಿಗೂ ಧ್ವನಿ ಕೊಟ್ಟವರು ಮೆಲ್ ಬ್ಲಾಂಕ್ ಒಬ್ಬರೇ.

ವೀರನಿಗೆ ಒಪ್ಪಿಸಿದ ಮಹತ್ಕಾರ್ಯ ಯಾವುದು? ಭೂಮಿಯ ಮೇಲೆ ಗಡ್ಡ ಹೆರೆಯುವ ನೊರೆಗೆ ಬೇಕಾದ ವಿಶೇಷ ಪರಮಾಣುವಿಗೆ ಬರಗಾಲ ಬಂದಿದೆ. ಅದು ಉಳಿದಿರುವುದು ಎಕ್ಸ್ ಎಂಬ ಗ್ರಹದಲ್ಲಿ ಮಾತ್ರ. ಡಾಜರ್ಸ್ ಅಲ್ಲಿಗೆ ಹೋಗುವ ದಾರಿಯನ್ನು ನಕ್ಷೆಯ ಮೇಲೆ ಸುತ್ತಿಬಳಸಿ, ಯಾರಿಗೂ ಅರ್ಥವಾಗದಂತೆ ವಿವರಿಸುತ್ತಾನೆ. ಕೆಡೆಟ್ ಕಿಟಕಿಯಾಚೆ ನೋಡಿ ಒಂದು ಸಣ್ಣ ಸಂಗತಿಯನ್ನು ಅರಿಕೆ ಮಾಡಿಕೊಳ್ಳುತ್ತಾನೆ: ಹೊರಗೆ ಗ್ರಹಗಳು ಎ, ಬಿ, ಸಿ ಎಂದು ವರ್ಣಮಾಲೆಯ ಕ್ರಮದಲ್ಲಿಯೇ ಸಾಲುಗಟ್ಟಿವೆ, ಹಾಗೆಯೇ ಹೋದರೆ ಎಕ್ಸ್ ಸಿಕ್ಕೀತು. ನಾಯಕನು ಆ ಮಾತನ್ನು ತಳ್ಳಿಹಾಕಿ, ಮರುಕ್ಷಣವೇ ತನ್ನದೆಂಬಂತೆ ಘೋಷಿಸುತ್ತಾನೆ. ಕಚೇರಿಗಳಲ್ಲಿ ಕೆಲಸ ಮಾಡಿದ ಯಾರಿಗೂ ಈ ದೃಶ್ಯಕ್ಕೆ ಟಿಪ್ಪಣಿ ಬೇಕಾಗದು. ಗಮನಿಸಬೇಕಾದದ್ದು, ‘ನನ್ನದು’ ಎಂಬ ಪದದ ಆಟ ಇಲ್ಲಿಂದಲೇ ಶುರುವಾಗಿದೆ. ಮೊದಲು ಇನ್ನೊಬ್ಬನ ಉಪಾಯ, ಆಮೇಲೆ ಗ್ರಹ.

ಗ್ರಹಕ್ಕಿಳಿದ ಡಾಜರ್ಸ್ ಭೂಮಿಯ ಹೆಸರಿನಲ್ಲಿ ಹಕ್ಕು ಸಾರುತ್ತಾನೆ. ಅಷ್ಟರಲ್ಲಿ ಇನ್ನೊಂದು ರಾಕೆಟ್ ಇಳಿಯುತ್ತದೆ. ಅದರಿಂದ ಹೊರಬಂದ ಮಂಗಳ ಗ್ರಹದವನು ಮಂಗಳನ ಹೆಸರಿನಲ್ಲಿ ಹಕ್ಕು ಸಾರುತ್ತಾನೆ. ಇಂದು ಮಾರ್ವಿನ್ ಎಂದು ಖ್ಯಾತನಾದ ಈ ಪಾತ್ರ ಜೋನ್ಸ್ ಅವರ ಚಿತ್ರದಲ್ಲಿ 1948ರಲ್ಲೇ ಕಾಣಿಸಿಕೊಂಡಿತ್ತು. ಬಾಯಿಲ್ಲದ ಕಪ್ಪು ಮುಖ, ಅದರಲ್ಲಿ ಎರಡು ದೊಡ್ಡ ಕಣ್ಣು, ತಲೆಯ ಮೇಲೆ ರೋಮನ್ ಯುದ್ಧದೇವತೆಯ ಶಿರಸ್ತ್ರಾಣ, ಮಾತಿನಲ್ಲಿ ಗುಮಾಸ್ತನ ವಿನಯ. ನೌಲನ್ ಕಥೆಯ ಭಯಂಕರ ಶತ್ರುಗಳಿದ್ದ ಜಾಗದಲ್ಲಿ ಈ ಪುಟ್ಟ ಸಭ್ಯನನ್ನು ನಿಲ್ಲಿಸಿದಾಗ ಹಳೆಯ ಭಯವೇ ಹಾಸ್ಯಾಸ್ಪದವಾಯಿತು. ಇಬ್ಬರಲ್ಲಿ ಯಾರ ಹಕ್ಕು ನ್ಯಾಯವಾದದ್ದೆಂದು ನೋಡುಗನಿಗೆ ಅನ್ನಿಸುವುದೇ ಇಲ್ಲ.

ಅನಂತರದ ಕದನದಲ್ಲಿ ತರ್ಕದ ತಪ್ಪು ಒಂದೂ ಇಲ್ಲ. ಡಾಜರ್ಸ್ ತೊಟ್ಟ ಅಂಗಿ ಭಸ್ಮಕಿರಣಕ್ಕೆ ಜಗ್ಗದ್ದು. ಕಿರಣ ತಾಗಿದಾಗ ಅಂಗಿ ನಿಜಕ್ಕೂ ಉಳಿಯುತ್ತದೆ, ತೊಟ್ಟವನು ಮಾತ್ರ ಬೂದಿಯಾಗುತ್ತಾನೆ. ಅವನ ಭಸ್ಮಕ ಪಿಸ್ತೂಲು ಹೇಳಿದಂತೆಯೇ ಭಸ್ಮವಾಗುತ್ತದೆ, ತಾನೇ. ಜಾಹೀರಾತಿನ ಮಾತು ಅಕ್ಷರಶಃ ಸತ್ಯವಾದರೆ ಏನಾದೀತೆಂಬುದಕ್ಕೆ ಇವು ನಿದರ್ಶನ. ಕೊನೆಗೆ ಎರಡೂ ಕಡೆಯ ಅಂತಿಮ ಅಸ್ತ್ರಗಳು ಸಿಡಿದು ಗ್ರಹವೇ ಚೂರಾಗಿ, ನಿಲ್ಲಲು ಒಂದು ಮಣ್ಣಿನ ಹೆಂಟೆ ಉಳಿಯುತ್ತದೆ. ಅದರ ಮೇಲೆ ನಿಂತು ಡಾಜರ್ಸ್ ಮತ್ತೆ ಭೂಮಿಯ ಹೆಸರಿನಲ್ಲಿ ಹಕ್ಕು ಸಾರುತ್ತಾನೆ. ಅದರ ಕೆಳಗೆ ನೇತಾಡುತ್ತಿರುವ ಕೆಡೆಟ್ ತೊದಲುತ್ತಲೇ, ಇದೇನು ಮಹಾ, ಎಂಬರ್ಥದ ಮಾತೊಂದನ್ನಾಡಿ ಚಿತ್ರವನ್ನು ಮುಗಿಸುತ್ತಾನೆ. ನೊರೆಯ ಪರಮಾಣುವಿನ ನೆನಪು ಅಷ್ಟರಲ್ಲಿ ಯಾರಿಗೂ ಉಳಿದಿಲ್ಲ.

ಚಿತ್ರ ಬಿಡುಗಡೆಯಾಗುವ ಒಂಬತ್ತು ತಿಂಗಳ ಹಿಂದೆ, 1952ರ ನವೆಂಬರ್ 1ರಂದು, ಅಮೆರಿಕ ಶಾಂತಸಾಗರದಲ್ಲಿ ತನ್ನ ಮೊದಲ ಜಲಜನಕ ಬಾಂಬಿನ ಸ್ಫೋಟ ನಡೆಸಿತ್ತು. ಒಂದು ದ್ವೀಪವೇ ಇಲ್ಲವಾಯಿತು. ಬಿಡುಗಡೆಯಾದ ಮೂರು ವಾರದೊಳಗೆ, 1953ರ ಆಗಸ್ಟ್ 12ರಂದು, ಸೋವಿಯತ್ ಒಕ್ಕೂಟ ತನ್ನ ಪರೀಕ್ಷೆ ನಡೆಸಿತು. ಏಳು ನಿಮಿಷದ ಹಾಸ್ಯಕ್ಕೆ ರಾಜಕೀಯ ಉದ್ದೇಶವನ್ನು ಆರೋಪಿಸುವ ಇಚ್ಛೆ ನಮಗಿಲ್ಲ. ಆದರೆ ಆ ಬೇಸಿಗೆಯ ಪ್ರೇಕ್ಷಕರಿಗೆ ಮಣ್ಣಿನ ಹೆಂಟೆಯ ಮೇಲೆ ಬಾವುಟ ನೆಡುವವನ ಚಿತ್ರ ತೀರ ಅಪರಿಚಿತವಾಗಿ ಕಂಡಿರಲಾರದು.

ಇನ್ನು ಕಾಮಿಕ್ಸ್‌ನ ಕಡೆಗೆ. ಅದೇ 1953ರ ಏಪ್ರಿಲ್-ಮೇ ಸಂಚಿಕೆಯಾಗಿ ‘ಮ್ಯಾಡ್’ ಪತ್ರಿಕೆಯ ನಾಲ್ಕನೆಯ ಸಂಚಿಕೆ ಬಂತು. ಪ್ರಕಾಶಕ ವಿಲಿಯಂ ಗೇನ್ಸ್, ಸಂಪಾದಕ ಮತ್ತು ಲೇಖಕ ಹಾರ್ವಿ ಕರ್ಟ್ಜ್‌ಮನ್. ಅವರ ಇಸಿ ಕಾಮಿಕ್ಸ್ ಸಂಸ್ಥೆ 1950ರಿಂದ ‘ವಿಯರ್ಡ್ ಸೈನ್ಸ್’, ‘ವಿಯರ್ಡ್ ಫ್ಯಾಂಟಸಿ’ ಎಂಬ ಗಂಭೀರ ವಿಜ್ಞಾನ ಕಥಾ ಕಾಮಿಕ್ಸ್‌ಗಳನ್ನೂ ಹೊರತರುತ್ತಿತ್ತು. ಅವುಗಳಿಗೆ ರಾಕೆಟ್ಟಿನ ಒಳಗಿನ ಒಂದೊಂದು ಕೊಳವೆ, ಒಂದೊಂದು ಗುಂಡಿಯನ್ನೂ ಭಕ್ತಿಯಿಂದ ಬಿಡಿಸುತ್ತಿದ್ದ ಕಲಾವಿದ ವಾಲಿ ವುಡ್. 1952ರ ಕೊನೆಯಲ್ಲಿ ‘ಮ್ಯಾಡ್’ ಆರಂಭವಾದಾಗ ಅದರ ಮೊದಲ ಸಂಚಿಕೆಗೆ ಯಂತ್ರಗಳನ್ನೇ ನಂಬಿ ಬೊಜ್ಜು ಬೆಳೆಸಿಕೊಂಡ ಭವಿಷ್ಯದ ಮನುಷ್ಯರ ವ್ಯಂಗ್ಯಕಥೆಯನ್ನು ಬಿಡಿಸಿದವರೂ ಅವರೇ. ಒಂದೇ ಮೇಜಿನ ಮೇಲೆ, ಒಂದೇ ಮಸಿಯಲ್ಲಿ ಪೂಜೆಯೂ ಅಣಕವೂ ನಡೆದವು. ಅಣಕ ಬಲ್ಲವರ ಕಲೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ನಾಲ್ಕನೆಯ ಸಂಚಿಕೆಗೆ ಕರ್ಟ್ಜ್‌ಮನ್ ಬರೆದು ವುಡ್ ಬಿಡಿಸಿದ ಕಥೆಯ ಹೆಸರು ‘ಸೂಪರ್‌ಡ್ಯೂಪರ್‌ಮ್ಯಾನ್’. ಅದರ ಹಿನ್ನೆಲೆಯಲ್ಲೊಂದು ದೀರ್ಘ ಮೊಕದ್ದಮೆಯಿದೆ. 1938ರಲ್ಲಿ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು ತಮ್ಮ ಸೂಪರ್‌ಮ್ಯಾನ್‌ನನ್ನು 130 ಡಾಲರಿಗೆ ಮಾರಿಕೊಂಡರು. ಮುಂದೆ ಅದು ನ್ಯಾಷನಲ್ ಎಂಬ ಪ್ರಕಾಶನದ ಸ್ವತ್ತಾಯಿತು. ಡಿಸಿ ಎಂದು ನಾವು ಇಂದು ಕರೆಯುವುದು ಅದನ್ನೇ. 1940ರಲ್ಲಿ ಫಾಸೆಟ್ ಪ್ರಕಾಶನ ಕ್ಯಾಪ್ಟನ್ ಮಾರ್ವೆಲ್‌ನನ್ನು ಹೊರತಂದಿತು. ‘ಶಜಾಮ್’ ಎಂದು ಕೂಗಿದೊಡನೆ ಮಹಾಬಲನಾಗುವ ಬಾಲಕನ ಕಥೆ ಅದು. ಆ ದಶಕದಲ್ಲಿ ಅದರ ಮಾರಾಟ ಸೂಪರ್‌ಮ್ಯಾನ್‌ನನ್ನೂ ಹಿಂದಿಕ್ಕಿತು. ಇವನು ನಮ್ಮವನ ನಕಲು ಎಂದು ನ್ಯಾಷನಲ್ 1941ರಲ್ಲಿ ದಾವೆ ಹೂಡಿತು. ವಿಚಾರಣೆ, ತೀರ್ಪು, ಮೇಲ್ಮನವಿ ಎಂದು ಅದು ಒಂದು ದಶಕ ಎಳೆಯಿತು. 1951ರಲ್ಲಿ ಮೇಲ್ಮನವಿಯ ತೀರ್ಪು ನ್ಯಾಷನಲ್ ಪರವಾಗಿ ತಿರುಗಿತು. ಫಾಸೆಟ್ ನಾಲ್ಕು ಲಕ್ಷ ಡಾಲರ್ ಕೊಟ್ಟು ರಾಜಿಯಾಗಿ, 1953ರಲ್ಲಿ ಕ್ಯಾಪ್ಟನ್ ಮಾರ್ವೆಲ್ ಕಥೆಗಳನ್ನು ನಿಲ್ಲಿಸಿತು.

ಕರ್ಟ್ಜ್‌ಮನ್ ಈ ಮೊಕದ್ದಮೆಯನ್ನೇ ಮುಷ್ಟಿಯುದ್ಧವಾಗಿಸಿದರು. ಅವರ ಕ್ಲಾರ್ಕ್ ಬೆಂಟ್ ಪತ್ರಿಕಾ ಕಚೇರಿಯಲ್ಲಿ ವರದಿಗಾರನಲ್ಲ, ಕಾಗದ ಒಯ್ಯುವ ಹುಡುಗನ ಸಹಾಯಕ. ಅವನ ಎದುರಾಳಿ ಕ್ಯಾಪ್ಟನ್ ಮಾರ್ಬಲ್ಸ್. ಪರೋಪಕಾರ ಬಿಟ್ಟು ಹಣದ ಹಿಂದೆ ಬಿದ್ದವನು. ಅವನ ಮಂತ್ರಾಕ್ಷರದ ಕೊನೆಯ ಅಕ್ಷರ ಸೂಚಿಸುವುದೂ ಹಣವನ್ನೇ. ಇಬ್ಬರು ಮಹಾಬಲರು ನಗರವನ್ನು ಪುಡಿಗಟ್ಟುತ್ತ ಹೊಡೆದಾಡುತ್ತಾರೆ. ಒಬ್ಬನ ಏಟು ಇನ್ನೊಬ್ಬನಿಗೆ ನಾಟುವುದಿಲ್ಲ. ಕೊನೆಗೆ ಸೂಪರ್‌ಡ್ಯೂಪರ್‌ಮ್ಯಾನ್ ಉಪಾಯದಿಂದ ಮಾರ್ಬಲ್ಸ್‌ನ ಗುದ್ದು ಮಾರ್ಬಲ್ಸ್‌ನ ಮೇಲೆಯೇ ಬೀಳುವಂತೆ ಮಾಡುತ್ತಾನೆ. ಗೆದ್ದ ಮೇಲೆ ತಾನು ಯಾರೆಂದು ಲೋಯಿಸ್ ಪೇನ್‌ಗೆ ಹೆಮ್ಮೆಯಿಂದ ಹೇಳಿಕೊಂಡರೆ ಅವಳು ಮೊದಲಿನಷ್ಟೇ ತಿರಸ್ಕಾರದಿಂದ ಅವನನ್ನು ಒದರಿ ಹೋಗುತ್ತಾಳೆ.

ಎರಡು ಅಣಕಗಳ ಅಂತ್ಯವನ್ನು ಈಗ ಜೋಡಿಸಿ ನೋಡಬಹುದು. ಅಲ್ಲಿ ಗೆದ್ದವನಿಗೆ ಉಳಿದದ್ದು ಮಣ್ಣಿನ ಹೆಂಟೆ, ಇಲ್ಲಿ ಗೆದ್ದವನಿಗೆ ಸಿಕ್ಕಿದ್ದು ತಿರಸ್ಕಾರ. ಅಲ್ಲಿ ಗ್ರಹದ ಒಡೆತನ, ಇಲ್ಲಿ ಕಲ್ಪನೆಯ ಒಡೆತನ. ಎರಡು ಕಡೆಯೂ ಹಕ್ಕಿನ ಜಗಳ ಹಕ್ಕಿನ ವಸ್ತುವನ್ನೇ ನುಂಗಿತು. ಫಾಸೆಟ್‌ನ ಕ್ಯಾಪ್ಟನ್ ಮಾರ್ವೆಲ್ ನ್ಯಾಯಾಲಯದ ದೆಸೆಯಿಂದ ಮೌನವಾದ ವರ್ಷವೇ ಅವನ ಜಗಳದ ಕಥೆಯನ್ನು ಉಳಿಸಿಕೊಂಡದ್ದು ಒಂದು ಅಣಕ. ಇತಿಹಾಸ ಬರೆಯುವವರ ಕೆಲಸವನ್ನು ವಿದೂಷಕ ಮಾಡಿದ ಪ್ರಸಂಗವಿದು.

ನಗೆ ತಾಗಬೇಕಾದಲ್ಲಿಯೇ ತಾಗಿತು. ನ್ಯಾಷನಲ್ ಸಂಸ್ಥೆ ‘ಮ್ಯಾಡ್’ ಮೇಲೂ ಮೊಕದ್ದಮೆಯ ಬೆದರಿಕೆ ಹಾಕಿತು. ಕರ್ಟ್ಜ್‌ಮನ್ ಜಗ್ಗದೆ ಎಂಟನೆಯ ಸಂಚಿಕೆಯಲ್ಲಿ ಬ್ಯಾಟ್‌ಮನ್‌ನನ್ನು ಕೈಗೆತ್ತಿಕೊಂಡರು. ನಿಜವಾದ ಆಪತ್ತು ಬಂದದ್ದು ಬೇರೆ ದಿಕ್ಕಿನಿಂದ. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿದೆಯೆಂದು ಪುಸ್ತಕ ಬರೆದರು. ಏಪ್ರಿಲ್ 21ರಂದು ಗೇನ್ಸ್ ಸೆನೆಟ್ ಉಪಸಮಿತಿಯ ಮುಂದೆ ಹೇಳಿಕೆ ಕೊಟ್ಟರು. ಅದೇ ವರ್ಷ ಪ್ರಕಾಶಕರು ತಾವೇ ಒಂದು ನೀತಿಸಂಹಿತೆ ಮಾಡಿಕೊಂಡರು. ಇಸಿಯ ಕಾಮಿಕ್ಸ್‌ಗಳು ಒಂದೊಂದಾಗಿ ನಿಂತವು. 1956ರಲ್ಲಿ ಅವರ ಕೊನೆಯ ಕಾಮಿಕ್ಸ್ ಸಂಚಿಕೆಗಾಗಿ ಹಳೆಯ ವಿಜ್ಞಾನ ಕಥೆಯೊಂದನ್ನು ಮರುಮುದ್ರಿಸಲು ಹೊರಟಾಗ, ಕಡೆಯ ಚಿತ್ರದಲ್ಲಿನ ಗಗನಯಾತ್ರಿ ಕಪ್ಪು ವರ್ಣದವನಾಗಿದ್ದುದಕ್ಕೆ ಸಂಹಿತೆಯ ಅಧಿಕಾರಿ ಆಕ್ಷೇಪಿಸಿದರು. ಗೇನ್ಸ್ ಮಣಿಯದೆ ಅದನ್ನು ಇದ್ದಂತೆಯೇ ಅಚ್ಚು ಹಾಕಿಸಿದರು. ಇಸಿಯಲ್ಲಿ ಉಳಿದುಕೊಂಡದ್ದು ‘ಮ್ಯಾಡ್’ ಒಂದೇ. 1955ರಲ್ಲಿ, 24ನೆಯ ಸಂಚಿಕೆಯಿಂದ, ಅದು ಕಾಮಿಕ್ಸ್ ರೂಪ ಬಿಟ್ಟು ದೊಡ್ಡ ಆಕಾರದ ಪತ್ರಿಕೆಯಾಯಿತು. ಹಾಗಾಗಿ ಸಂಹಿತೆಯ ಹೊರಗುಳಿಯಿತು. ಗಂಭೀರ ವಿಜ್ಞಾನ ಕಥೆ ಅಳಿಯಿತು, ಅದನ್ನು ಅಣಕಿಸಿದ್ದು ಬದುಕಿತು.

ಅಣಕಿಸುವ ಹಕ್ಕು ನ್ಯಾಯಾಲಯದ ಕಟ್ಟೆಯನ್ನೂ ಹತ್ತಿತು. ಜನಪ್ರಿಯ ಹಾಡುಗಳ ಧಾಟಿಗೆ ‘ಮ್ಯಾಡ್’ ಹೊಸ ಸಾಹಿತ್ಯ ಹೊಸೆದಾಗ ಗೀತಕಾರ ಅರ್ವಿಂಗ್ ಬರ್ಲಿನ್ ಮೊದಲಾದವರು ದಾವೆ ಹೂಡಿದರು. 1964ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ‘ಮ್ಯಾಡ್’ ಪರವಾಗಿ ನಿಂತಿತು. 1994ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ವಾಣಿಜ್ಯದ ಅಣಕವೂ ನ್ಯಾಯೋಚಿತ ಬಳಕೆಯಾಗಬಲ್ಲದೆಂದು ಇನ್ನೊಂದು ಹಾಡಿನ ಪ್ರಕರಣದಲ್ಲಿ ಹೇಳಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನಲ್ಲಿ ಅಣಕದ ಹೆಸರಿಲ್ಲ, ವಿಮರ್ಶೆಯ ಹೆಸರಿದೆ. ತೋಪ್ಪಿಲ್ ಭಾಸಿಯವರ ಪ್ರಸಿದ್ಧ ಮಲಯಾಳಂ ನಾಟಕಕ್ಕೆ ಪ್ರತಿನಾಟಕ ಬರೆದ ಸಿವಿಕ್ ಚಂದ್ರನ್ ಅವರ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 1996ರಲ್ಲಿ ಆ ಬಾಗಿಲಿನಿಂದಲೇ ಅವರಿಗೆ ದಾರಿ ಬಿಟ್ಟಿತು: ಮೂಲವನ್ನು ಬಳಸಿಕೊಂಡದ್ದು ಅದನ್ನು ವಿಮರ್ಶಿಸುವುದಕ್ಕೆ. ಅಣಕವೂ ಒಂದು ಬಗೆಯ ವಿಮರ್ಶೆ ಎಂದು ರಸಿಕರು ಬಲ್ಲದ್ದನ್ನು ಕಾನೂನು ಹೀಗೆ ನಿಧಾನವಾಗಿ ಕಲಿಯುತ್ತಿದೆ.

ಈ ಎರಡು ಅಣಕಗಳ ಸಂತಾನ ದೊಡ್ಡದು. ಫಾಸೆಟ್ ನಿಲ್ಲಿಸಿದ ಕ್ಯಾಪ್ಟನ್ ಮಾರ್ವೆಲ್‌ನ ಬದಲಿಗೆ ಬ್ರಿಟನ್ನಿನಲ್ಲಿ 1954ರಲ್ಲಿ ಮಾರ್ವೆಲ್‌ಮ್ಯಾನ್ ಹುಟ್ಟಿದ. 1982ರಲ್ಲಿ ಅವನನ್ನು ಮರಳಿ ಬರೆದ ಅಲನ್ ಮೂರ್, ‘ಸೂಪರ್‌ಡ್ಯೂಪರ್‌ಮ್ಯಾನ್’ ತಮಗೆ ಪ್ರೇರಣೆಯೆಂದು ಒಪ್ಪಿಕೊಂಡಿದ್ದಾರೆ. ಕರ್ಟ್ಜ್‌ಮನ್ ನಗೆಗಾಗಿ ಮಾಡಿದ್ದನ್ನೇ, ಅಂದರೆ ಮಹಾಬಲನನ್ನು ಸಾಮಾನ್ಯ ಮನುಷ್ಯನ ಆಸೆ ದುರಾಸೆಗಳೊಡನೆ ನಿಲ್ಲಿಸುವುದನ್ನು, ಮೂರ್ ವಿಷಾದಕ್ಕಾಗಿ ಮಾಡಿದರು. 1986ರ ‘ವಾಚ್‌ಮೆನ್’ ಅದರ ಮುಂದಿನ ಹೆಜ್ಜೆ. ಇತ್ತ ಡಕ್ ಡಾಜರ್ಸ್‌ನನ್ನು ಸ್ಟೀವನ್ ಸ್ಪೀಲ್‌ಬರ್ಗ್ 1977ರ ತಮ್ಮ ‘ಕ್ಲೋಸ್ ಎನ್‌ಕೌಂಟರ್ಸ್’ ಚಿತ್ರದ ಟಿವಿ ಪರದೆಯ ಮೇಲೆ ಕಾಣಿಸಿದರು. 1999ರಲ್ಲಿ ಆರಂಭವಾದ ‘ಫ್ಯೂಚರಾಮ’ದ ನಾಯಕ ಸಾವಿರ ವರ್ಷ ಹೆಪ್ಪುಗಟ್ಟಿ ಮಲಗಿ ಭವಿಷ್ಯದಲ್ಲಿ ಏಳುತ್ತಾನೆ, ಗಣಿಯಲ್ಲಿ ಮಲಗಿದ ಬಕ್ ರಾಜರ್ಸ್ ಅವನ ಮುತ್ತಜ್ಜ, ಡಾಜರ್ಸ್ ಅವನ ಚಿಕ್ಕಜ್ಜ.

ಒಡೆತನದ ಕಥೆಗೆ ಇನ್ನೊಂದು ತಿರುವಿದೆ. 1960ರ ದಶಕದಲ್ಲಿ ಕಿನ್ನಿ ಎಂಬ ಉದ್ಯಮಸಂಸ್ಥೆ ‘ಮ್ಯಾಡ್’ ಪತ್ರಿಕೆಯನ್ನೂ, ಅದನ್ನು ಬೆದರಿಸಿದ್ದ ನ್ಯಾಷನಲ್ ಸಂಸ್ಥೆಯನ್ನೂ ತನ್ನದಾಗಿಸಿಕೊಂಡಿತು. 1969ರಲ್ಲಿ ವಾರ್ನರ್ ಬ್ರದರ್ಸ್ ಕೂಡ ಅದೇ ತೆಕ್ಕೆಗೆ ಬಂತು. 1973ರಲ್ಲಿ ಡಿಸಿ, ತಾನೇ ಮೌನವಾಗಿಸಿದ್ದ ಕ್ಯಾಪ್ಟನ್ ಮಾರ್ವೆಲ್‌ನ ಕಥೆಗಳನ್ನು ಅನುಮತಿ ಪಡೆದು ಪ್ರಕಟಿಸತೊಡಗಿತು. ಅಷ್ಟರಲ್ಲಿ ಮಾರ್ವೆಲ್ ಎಂಬ ಹೆಸರಿನ ಹಕ್ಕು ಬೇರೊಬ್ಬರದಾಗಿದ್ದರಿಂದ ಪುಸ್ತಕಕ್ಕೆ ‘ಶಜಾಮ್’ ಎಂದು ಹೆಸರಿಡಬೇಕಾಯಿತು. ಹೀಗೆ ಸೂಪರ್‌ಮ್ಯಾನ್, ಅವನ ಎದುರಾಳಿ, ಅವರಿಬ್ಬರನ್ನೂ ಅಣಕಿಸಿದ ಪತ್ರಿಕೆ, ಡಕ್ ಡಾಜರ್ಸ್ ಎಲ್ಲರೂ ಒಂದೇ ಸೂರಿನ ಕೆಳಗೆ ಬಂದರು. 2003ರಲ್ಲಿ ಡಾಜರ್ಸ್‌ನ ಟಿವಿ ಸರಣಿ ಬಂದಾಗ ಒಂದು ಕಂತಿನಲ್ಲಿ ಅವನು ಡಿಸಿಯ ಗ್ರೀನ್ ಲ್ಯಾಂಟರ್ನ್ ವೇಷವನ್ನೇ ಧರಿಸಿದ. ಬೆದರಿಕೆಯ ಪತ್ರ ಬರೆಯುವವರು ಯಾರೂ ಇರಲಿಲ್ಲ, ಎಲ್ಲರೂ ಮನೆಯವರೇ.

ಆ ಕಂತನ್ನು ನೋಡಿ ನಾವು ನಕ್ಕಿದ್ದೇವೆ. ಆದರೂ ಅಲ್ಲೊಂದು ಕೊರತೆ ಕಾಣುತ್ತದೆ. ಅಪ್ಪಣೆ ಪಡೆದ ಅಣಕದಲ್ಲಿ ಹಾಸ್ಯವಿರಬಹುದು, ಅಳುಕು ಇರುವುದಿಲ್ಲ. 1953ರ ಎಂಟು ಪುಟಗಳ ಕಸುವು ಅದನ್ನು ಅಚ್ಚು ಹಾಕಿದವರಿಗೆ ಕಳೆದುಕೊಳ್ಳಲು ಏನೋ ಇತ್ತು ಎಂಬುದರಲ್ಲಿದೆ. ಮನೆಯ ಯಜಮಾನನನ್ನು ಯಜಮಾನನ ಖರ್ಚಿನಲ್ಲಿ ಅಣಕಿಸುವ ವಿದೂಷಕನಿಗೆ ಒಂದು ಮಿತಿಯಿದೆ. ಆದುದರಿಂದ ಅಭಿಮಾನಿಗಳು ತಮ್ಮ ಪಾಡಿಗೆ ಬಿಡಿಸುವ, ಬರೆಯುವ ಅಣಕಗಳನ್ನು ಎಳೆಯರ ಚೇಷ್ಟೆಯೆಂದು ಕಡೆಗಣಿಸಬಾರದು. ಕರ್ಟ್ಜ್‌ಮನ್ ಮತ್ತು ವುಡ್ ನಡೆದ ದಾರಿ ಈಗ ಉಳಿದಿರುವುದು ಅವರಲ್ಲಿಯೇ.

1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದ ಮೇಲೆ ಮುಂಬಯಿ, ಚೆನ್ನೈ, ದೆಹಲಿಯ ಕನ್ನಡ ಮನೆಗಳ ಮಕ್ಕಳೂ ಆ ಕಾಲದ ಅಮೆರಿಕದ ಕಾರ್ಟೂನ್‌ಗಳೊಡನೆ ಬೆಳೆದರು. ಅವರಲ್ಲಿ ಬಹುಪಾಲು ಜನರಿಗೆ ಡ್ಯಾಫಿ ಡಕ್ ಗೊತ್ತು, ಬಕ್ ರಾಜರ್ಸ್ ಗೊತ್ತಿಲ್ಲ. ಅವನ ಚಿತ್ರಪಟ್ಟಿ 1967ರಲ್ಲೇ ನಿಂತಿತ್ತು. ಮೂಲವನ್ನು ಕಾಣದೆ ಅಣಕವನ್ನು ಕಂಡು ನಕ್ಕು, ಆ ನಗೆಯ ಜಾಡು ಹಿಡಿದು ಮೂಲವನ್ನು ಹುಡುಕಿಕೊಂಡು ಹೋದವರು ನಮ್ಮಲ್ಲಿ ಹಲವರಿದ್ದಾರೆ. ಇಪ್ಪತ್ತೈದನೇ ಶತಮಾನ ತನ್ನದೆಂದು ಸಾರಿಕೊಂಡ ವೀರನಿಗೆ ಇಂದು ದಾರಿ ತೋರಿಸುತ್ತಿರುವುದು ಇಪ್ಪತ್ತನಾಲ್ಕೂವರೆಯನೇ ಶತಮಾನದ ಒಂದು ಬಾತುಕೋಳಿ.